ಒದೆ ಕೇಳಿಕೊಂಡು ಬಂದವರು

ನಾನು ಕಾಲು ಮುಂದಾಗಿ ಹುಟ್ಟಿದವಳು. ಊರಿನ ಮಕ್ಕಳೆಲ್ಲ ತಲೆ ಮುಂದೆ ಮಾಡಿಕೊಂಡು ಮರ್ಯಾದೆಯಾಗಿ ಬಂದರೆ ನಾನು ಒಬ್ಬಳು ಒದ್ದುಕೊಂಡೇ ಬಂದೆ ಎಂದು ನಮ್ಮವ್ವ ಈಗಲೂ ಹೇಳುತ್ತಾಳೆ. ಹೇಳುವುದು ಅಂದರೆ ಒಬ್ಬರಿಗೆ ಇಬ್ಬರಿಗೆ ಅಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಸೊಪ್ಪು ಮಾರುವವಳಿಗೆ, ಗ್ಯಾಸ್ ಸಿಲಿಂಡರ್ ತಂದವನಿಗೆ, ಯಾರು ಸಿಕ್ಕರೂ ಸರಿ. ನನ್ನ ಹೆಸರು ಸರ್ವಮಂಗಳ ಎಂದು ಹೇಳುವುದಕ್ಕೆ ಮೊದಲು ಈ ಸುದ್ದಿ ಹೇಳುತ್ತಾಳೆ.

ನಮ್ಮ ಕಡೆ ಇದು ಸಣ್ಣ ಸುದ್ದಿಯಲ್ಲ. ಸೊಂಟ ಹಿಡಿದುಕೊಂಡವರನ್ನು ಹೊಸ್ತಿಲ ಹತ್ತಿರ ನಿಲ್ಲಿಸಿ, ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಒದ್ದರೆ ಹಿಡಿದದ್ದು ಬಿಡುತ್ತದೆ ಎಂಬುದು ಜನರ ನಂಬಿಕೆ. ನ್ಯಾಮತಿಯ ನಮ್ಮ ಮನೆಯ ಮುಂದೆ ಬೆಳಗಾದರೆ ಯಾರಾದರೊಬ್ಬರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿರುತ್ತಿದ್ದರು. ನಾನು ಹಲ್ಲು ಕೂಡ ಉಜ್ಜಿರುತ್ತಿರಲಿಲ್ಲ. ಅವ್ವ ಎಬ್ಬಿಸಿಕೊಂಡು ಬಂದು, "ಒದಿಯವ್ವ, ಪಾಪ, ಹೊಲಕ್ಕೆ ಹೋಗಾಕೆ ಹೊತ್ತಾಗುತ್ತೆ ಅವರಿಗೆ" ಎನ್ನುತ್ತಿದ್ದಳು. ನಾನು ಅರೆಗಣ್ಣಿನಲ್ಲೇ ಒದ್ದು, ಮಂಡಕ್ಕಿ ಉಂಡೆ ಇಸಿದುಕೊಂಡು ಮತ್ತೆ ಹೋಗಿ ಮಲಗುತ್ತಿದ್ದೆ. ಒಮ್ಮೆ ನಮ್ಮ ಗಣಿತದ ಮೇಷ್ಟ್ರೇ ಬಂದರು. ಬೆಳಿಗ್ಗೆ ಆರಕ್ಕೆ ನಾನು ಅವರನ್ನು ಒದ್ದೆ, ಹತ್ತೂವರೆಗೆ ಮಗ್ಗಿ ತಪ್ಪಿದ್ದಕ್ಕೆ ಅವರು ನನಗೆ ಬಾರಿಸಿದರು. ಕೃತಜ್ಞತೆ ಅನ್ನುವುದು ಎಂಥಾದ್ದು ಅಂತ ನನಗೆ ಆವತ್ತೇ ಗೊತ್ತಾಯಿತು.

ದೊಡ್ಡವಳಾಗುತ್ತ ನಾಚಿಕೆಯಾಗತೊಡಗಿತು. ಇನ್ನು ಮೇಲೆ ಯಾರನ್ನೂ ಒದೆಯುವುದಿಲ್ಲ, ಸೊಂಟ ನೋವನ್ನು ಓದಿ, ಕಲಿತು, ಸರಿಯಾದ ದಾರಿಯಲ್ಲೇ ವಾಸಿ ಮಾಡುತ್ತೇನೆ ಎಂದು ಹಟ ತೊಟ್ಟು ಫಿಸಿಯೋಥೆರಪಿ ಓದಿದೆ. ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಕೆಲಸ ಮಾಡಿ ನಿವೃತ್ತಳಾದೆ. ನನಗೆ ಬಡ್ತಿ ಸಿಗಲಿಲ್ಲ. ನಮ್ಮ ನ್ಯಾಮತಿಗೆ ಸಿಕ್ಕಿತು, ಹೊನ್ನಾಳಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಅಷ್ಟರಲ್ಲೇ ಸಮಾಧಾನ. ಈಗ ಈ ಕೋರ್ಸಿಗೆ ಸೇರುತ್ತಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು "ಮೇಡಂ, ಪ್ರಾಕ್ಟಿಕಲ್ಲಾಗಿ ಹೇಗಿರುತ್ತೆ?" ಎಂದು ಕೇಳುತ್ತಾರೆ. ಹೇಗಿರುತ್ತೆ ಅಂದರೆ, ಮಕ್ಕಳೇ, ಹಿಂಗಿರುತ್ತೆ.

ಮೊದಲು ಹಾಕಿದ್ದು ಜಗಳೂರಿಗೆ. ಒಂದು ಕೋಣೆ, ಒಂದು ಮಂಚ, ಸೊಂಟಕ್ಕೆ ಪಟ್ಟಿ ಕಟ್ಟಿ ಕಾಲ ಕಡೆಗೆ ತೂಕ ಇಳಿಬಿಟ್ಟು ಎಳೆಯುವ ಒಂದು ಸಾಧನ, ಒಂದು ಕೆಂಪು ದೀಪ. "ಫಿಸಿಯೋಥೆರಪಿಸ್ಟ್" ಎನ್ನುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ದೀಪದ ಕೆಳಗೆ ಬಿಸಿ ಆಗುತ್ತಿದ್ದರಿಂದ ನಾನು "ಬಿಸಿ ಡಾಕ್ಟ್ರಮ್ಮ" ಆದೆ. ನಾನು ಡಾಕ್ಟರ್ ಅಲ್ಲ ಎಂದು ಹೇಳಿದರೆ, "ಇರ್ಲಿ ಬಿಡ್ರಿ, ನಾವು ಯಾರಿಗೂ ಹೇಳಲ್ಲ" ಎನ್ನುತ್ತಿದ್ದರು.

ಅಲ್ಲಿ ಮೊದಲನೇ ವಾರವೇ ಒಂದು ಎಡವಟ್ಟು ಮಾಡಿದೆ. ಒಬ್ಬ ಕುರಿಗಾಹಿ ಬಂದಿದ್ದ, ಮೈಲಾರಪ್ಪ ಅಂತ. ಪುಸ್ತಕದ ಭಾಷೆಯಲ್ಲಿ ಗಂಭೀರವಾಗಿ, "ನಿಮ್ಮ ಬೆನ್ನುಮೂಳೆಯ ನಡುವಿನ ಡಿಸ್ಕ್ ಸ್ವಲ್ಪ ಹೊರಗೆ ಬಂದಿದೆ" ಎಂದೆ. ಅವನು ಅಂಗಿ ಬಿಚ್ಚಿ, ಹೆಂಡತಿಯ ಕಡೆ ಬೆನ್ನು ತಿರುಗಿಸಿ, "ಎಲ್ಲೈತೆ ನೋಡೇ, ಬಿದ್ದುಗಿದ್ದು ಹೋದಾತು" ಎಂದ. ಅವಳು ಬೆನ್ನು ಪೂರ್ತಿ ತಡವಿ, ನನ್ನ ಕಡೆ ತಿರುಗಿ, "ಇಲ್ಲೇನೂ ಇಲ್ರಿ ಅಕ್ಕಾರೇ, ಬರೋವಾಗ ದಾರ್‍ಯಾಗೆ ಬಿತ್ತೋ ಏನೋ" ಎಂದಳು. ಆವತ್ತಿನಿಂದ ನಾನು ಡಿಸ್ಕ್ ಹೊರಗೆ ಬಂತು ಎಂದು ಯಾವ ರೋಗಿಗೂ ಹೇಳಿಲ್ಲ. ನೀವೂ ಹೇಳಬೇಡಿ. ಹೇಳಿದ ಮಾತು ಸೊಂಟಕ್ಕಿಂತ ಮೊದಲು ಎದೆಗೆ ನಾಟುತ್ತದೆ.

ಮೈಲಾರಪ್ಪನ ನೋವಿಗೆ ಕಾರಣ ಹುಡುಕಿದೆ. ಅವನು ದಿನವಿಡೀ ಬಲಗೈಯಲ್ಲಿ ಕೋಲು ಊರಿಕೊಂಡು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಸೊಟ್ಟಗೆ ನಿಲ್ಲುತ್ತಿದ್ದ. "ಕೋಲನ್ನು ಆಗಾಗ ಎಡಗೈಗೆ ಬದಲಾಯಿಸಿಕೋ" ಎಂದೆ. ಸರಿಯಾದ ಸಲಹೆಯೇ. ಆದರೆ ಕುರಿಗಳಿಗೆ ಯಾರು ಹೇಳಬೇಕು? ಕೋಲು ಇರುವ ಕಡೆಯಿಂದ ಆಚೆಗೆ ತಿರುಗುವುದು ಅವುಗಳ ರೂಢಿಯಂತೆ. ಮರುದಿನ ಕೋಲು ಎಡಗೈಗೆ ಬಂತು, ಮಂದೆ ಪೂರ್ತಿ ಬಲಕ್ಕೆ ತಿರುಗಿ ಯಾರದೋ ಶೇಂಗಾ ಹೊಲಕ್ಕೆ ನುಗ್ಗಿತು. ಹೊಲದ ಯಜಮಾನ ನೇರವಾಗಿ ಆಸ್ಪತ್ರೆಗೆ ಬಂದು, "ಕುರಿ ಹೆಂಗೆ ಕಾಯ್ಬೇಕು ಅಂತ ಹೇಳಿಕೊಡೋ ಡಾಕ್ಟ್ರು ಯಾರ್‍ರೀ ಇಲ್ಲಿ?" ಎಂದು ಕೂಗಾಡಿದ. ನಾನು ಮಂಚದ ಹಿಂದೆ ಹತ್ತಿಯ ಬಂಡಲು ಹುಡುಕುತ್ತಿರುವವಳಂತೆ ಕೂತೇ ಇದ್ದೆ. ರೋಗಿ ಮಾಡುವ ಕೆಲಸವನ್ನು ಕಣ್ಣಾರೆ ನೋಡದೆ ಸಲಹೆ ಕೊಟ್ಟರೆ ಇದೇ ಗತಿ.

ಆ ಕಾಲದಲ್ಲಿ ನಮಗೆ ಕಲಿಸಿದ್ದೂ ಹಾಗೇ ಇತ್ತು. ಸೊಂಟ ನೋವು ಅಂದರೆ ಗಟ್ಟಿ ಹಲಗೆಯ ಮೇಲೆ ಮೂರು ವಾರ ಅಲ್ಲಾಡದೆ ಮಲಗಬೇಕು. ನಾನೂ ಕಂಡ ಕಂಡವರಿಗೆಲ್ಲ ಅದನ್ನೇ ಹೇಳಿದೆ. ಒಬ್ಬ ರೈತ ಹಲಗೆ ಸಿಗದೆ ಮನೆಯ ಮುಂಬಾಗಿಲನ್ನೇ ಕಿತ್ತು ಅದರ ಮೇಲೆ ಮಲಗಿದ್ದ. ಮೂರು ವಾರ ಊರ ನಾಯಿಗಳೆಲ್ಲ ಅವನ ಮನೆಯ ರೊಟ್ಟಿ ತಿಂದು ದಪ್ಪಗಾದವು, ಇವನು ಬಡಕಲಾದ, ಸೊಂಟ ಕಟ್ಟಿಗೆಯಾಯಿತು. ಆಮೇಲೆ ಯಾವುದೋ ತರಬೇತಿಗೆ ಕರೆಸಿ, "ಮಲಗಿಸಬೇಡಿ, ಆದಷ್ಟು ಬೇಗ ಎಬ್ಬಿಸಿ ನಡೆಸಿ" ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಆ ಬಾಗಿಲನ್ನು ನೆನೆದು ತಲೆ ತಗ್ಗಿಸಿದೆ. ಕಲಿತದ್ದನ್ನು ಬಿಡುವುದೂ ಈ ಕೆಲಸದಲ್ಲಿ ಒಂದು ಪಾಠವೇ.

ಮುಂದೆ ಹೊನ್ನಾಳಿ. ಅಲ್ಲಿ ನಮ್ಮ ಮೇಲಿನವರು ಒಬ್ಬ ಹಿರಿಯ ಡಾಕ್ಟರು, ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಕೆಲಸದಲ್ಲಿ ಗಟ್ಟಿಗರು, ಆದರೆ ನನ್ನ ಕೆಲಸ ಅಂದರೆ ಅವರಿಗೆ ತಮಾಷೆ. "ಏನಮ್ಮಾ, ಇವತ್ತು ಎಷ್ಟು ಜನಕ್ಕೆ ಕೈಕಾಲು ಒತ್ತಿದೆ?" ಎಂದು ಎಲ್ಲರ ಮುಂದೆ ಕೇಳುವರು. ನಾನು ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ.

ಒಂದು ದಿನ ಸಾಹೇಬರು ಕೆಳಗೆ ಬಿದ್ದ ಪೆನ್ನು ಎತ್ತಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಸೊಂಟ ಹಿಡಿದುಕೊಂಡುಬಿಟ್ಟಿತು. ಅಟೆಂಡರ್ ರುದ್ರೇಶಪ್ಪ ಫೈಲು ಹಿಡಿದು ಒಳಗೆ ಬಂದ. ಸಾಹೇಬರು ತನಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡು ಗಾಬರಿಯಾಗಿ ತಾನೂ ಬಗ್ಗಿದ. ಇಬ್ಬರೂ ಹಾಗೇ ಒಂದು ನಿಮಿಷ ಬಗ್ಗಿ ನಿಂತಿದ್ದರಂತೆ. ಕೊನೆಗೆ ಸಾಹೇಬರೇ ನೆಲ ನೋಡಿಕೊಂಡು, "ಲೇ, ಸರ್ವಮಂಗಳನ್ನ ಕರಿಯೋ" ಎಂದರು.

ನಾನು ಹೋದೆ. ಸಾಹೇಬರು ರುದ್ರೇಶಪ್ಪನನ್ನು ಹೊರಗೆ ಕಳಿಸಿ, ಬಗ್ಗಿದ್ದ ಹಾಗೆಯೇ ತಗ್ಗಿದ ದನಿಯಲ್ಲಿ ಹೇಳಿದರು.

"ನೋಡಮ್ಮಾ, ನಿಮ್ಮ ತಾಯಿ ಮೊನ್ನೆ ಬಿ.ಪಿ. ತೋರಿಸೋಕೆ ಬಂದಾಗ ಒಂದು ವಿಷಯ ಹೇಳಿದ್ರು."

ಗೊತ್ತಾಯಿತಲ್ಲ ಯಾವ ವಿಷಯ ಅಂತ.

"ಸಾರ್, ನೀವು ಡಾಕ್ಟ್ರು" ಎಂದೆ.

"ಡಾಕ್ಟ್ರು ಕಣಮ್ಮಾ, ಆದ್ರೆ ಸೊಂಟ ನಂದು. ಬಾಗಿಲು ಹಾಕು. ಬೇಗ ಮೂರು ಒದ್ದುಬಿಡು. ಯಾರಿಗೂ ಗೊತ್ತಾಗಲ್ಲ."

ಮಕ್ಕಳೇ, ಸರ್ಕಾರಿ ನೌಕರರ ಇಡೀ ಕುಲದಲ್ಲಿ ಇಂಥ ಅವಕಾಶ ಯಾರಿಗೆ ಸಿಕ್ಕಿದೆ? ಮೇಲಧಿಕಾರಿ ತಾನಾಗಿ ಬಗ್ಗಿ ನಿಂತು, ಒದೆ ಎಂದು ಬೇಡಿಕೊಳ್ಳುತ್ತಿದ್ದಾರೆ. ಕೈಕಾಲು ಒತ್ತುವವಳು ಎಂದು ಅಣಕಿಸಿದ್ದೆಲ್ಲ ನೆನಪಾಗಿ ಎಡಗಾಲು ತಾನೇ ಚಪ್ಪಲಿಯಿಂದ ಹೊರಗೆ ಬಂತು. ಆದರೆ ನಾನು ಹಟದವಳು. ಓದಿದ ದಾರಿ ಬಿಡುವುದಿಲ್ಲ ಎಂದು ಮಾತು ಕೊಟ್ಟುಕೊಂಡಿದ್ದೆ. ಕಾಲನ್ನು ಮತ್ತೆ ಚಪ್ಪಲಿಯೊಳಗೆ ತೂರಿಸಿ, ಅವರನ್ನು ನಿಧಾನಕ್ಕೆ ಮೇಜಿನ ಮೇಲೆ ಕೈ ಊರಿಸಿ, ಆಮೇಲೆ ನೆಲದ ಮೇಲೆ ಬೋರಲಾಗಿ ಮಲಗಿಸಿದೆ. ಉಸಿರು ಬಿಡಿಸಿದೆ, ಮೊಣಕೈ ಊರಿ ಎದೆಯನ್ನು ಸ್ವಲ್ಪ ಸ್ವಲ್ಪವೇ ಎತ್ತಿಸಿದೆ, ಅರ್ಧ ಗಂಟೆಗೊಮ್ಮೆ ಎಬ್ಬಿಸಿ ವರಾಂಡದಲ್ಲಿ ನಡೆಸಿದೆ. ಮೂರು ದಿನಕ್ಕೆ ನೆಟ್ಟಗಾದರು. ಆಮೇಲೆ ನನ್ನ ಕೋಣೆಗೆ ಒಂದು ಕಿಟಕಿ, ಒಂದು ಫ್ಯಾನು ಬಂದವು. ಕೈಕಾಲು ಒತ್ತುವ ಮಾತು ನಿಂತಿತು.

ಒದೆಯಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ.

ಒದೆತದ ಗುಟ್ಟೂ ನನಗೆ ಆಗಲೇ ಹೊಳೆದದ್ದು. ಹಠಾತ್ತಾಗಿ ಹಿಡಿದ ಸೊಂಟ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗೇ ಬಿಡುತ್ತದೆ. ಜನ ಒದೆಸಿಕೊಳ್ಳಲು ಊರಿಂದೂರಿಗೆ ನಡೆದುಕೊಂಡು ಬರುತ್ತಿದ್ದರು, ನಡೆದುಕೊಂಡು ಹೋಗುತ್ತಿದ್ದರು. ಭಯ ಹೋಗಿ ನಡೆದದ್ದೇ ಮದ್ದಾಗುತ್ತಿತ್ತು, ಹೆಸರು ನನ್ನ ಕಾಲಿಗೆ ಬರುತ್ತಿತ್ತು.

ಕೊನೆಯ ವರ್ಷಗಳಲ್ಲಿ ಚನ್ನಗಿರಿಗೆ ಬಂದೆ. ಅಲ್ಲಿನ ತಿಪ್ಪೇಶಿಯ ವಿಷಯ ಹೇಳುವುದಕ್ಕೇ ಇಷ್ಟು ಹೊತ್ತು ಪೀಠಿಕೆ ಹಾಕಿದ್ದು.

ತಿಪ್ಪೇಶಿ ಅಡಿಕೆ ಮಂಡಿಯ ಹಮಾಲಿ. ಇಪ್ಪತ್ತು ವರ್ಷದಿಂದ ಮೂಟೆ ಹೊತ್ತವನು. ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ನೋವು ಸೆಳೆಯುತ್ತಿತ್ತು. ಸ್ಕ್ಯಾನಿಂಗಿನ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜಾತಕದ ಹಾಗೆ ಎದೆಗೆ ಅವಚಿಕೊಂಡು ಬಂದ. ಹಿಂದೆ ಹೆಂಡತಿ ಕೆಂಚಮ್ಮ. ದಾವಣಗೆರೆಯಲ್ಲಿ ಅವನನ್ನು ನೋಡಿದ ಮೂಳೆ ಡಾಕ್ಟರು, "ಮೊದಲು ವ್ಯಾಯಾಮ ಮಾಡು, ಅದರಲ್ಲಿ ಆಗದಿದ್ದರೆ ಆಪರೇಷನ್ ಯೋಚನೆ ಮಾಡೋಣ" ಎಂದು ಸರಿಯಾಗೇ ಹೇಳಿ ಕಳಿಸಿದ್ದರು. ಇವನ ಕಿವಿಗೆ ಬಿದ್ದದ್ದು ಆಪರೇಷನ್ ಒಂದೇ.

"ಬೆನ್ನು ಕುಯ್ಸಿಕೊಂಡ ಮ್ಯಾಲೆ ಮೂಟೆ ಹೊರಾಕೆ ಆಗುತ್ತೇನ್ರಿ ಮೇಡಂ?" ಎಂದ. "ನಮ್ಮ ಮೇಸ್ತ್ರಿ ಎರಡು ತಿಂಗಳು ನನ್ನ ಜಾಗ ಖಾಲಿ ಇಟ್ಟಿರ್ತೀನಿ ಅಂದಾನೆ. ಆಮ್ಯಾಲೆ ಬ್ಯಾರೆಯೋರ್‍ನ ಹಾಕ್ಕೊಂತಾನಂತೆ. ನನಗೆ ಬ್ಯಾರೆ ಕೆಲಸ ಗೊತ್ತಿಲ್ರಿ. ಮನ್ಯಾಗೆ ಕುಂತ್ರೆ ಹುಚ್ಚು ಹಿಡಿಯುತ್ತೆ."

"ಅವನಿಗಲ್ಲ, ನಮಗೆ" ಎಂದಳು ಕೆಂಚಮ್ಮ. "ಬೆಳಗಿಂದ ಸಂಜಿತನಕ ಮಾತಾಡ್ತಾನ್ರಿ. ಮಂಡ್ಯಾಗಾದ್ರೆ ಆರು ಜನ ಹಂಚಿಕೊಂತಿದ್ರು."

ಅವಳು ನಕ್ಕೇ ಹೇಳಿದಳು, ಆದರೆ ಕಣ್ಣು ಒದ್ದೆಯಾಗಿದ್ದವು. ನಾನು ಅವನ ಪಾದದ ಬಲ ನೋಡಿದೆ, ಹೆಬ್ಬೆರಳು ಎತ್ತಿಸಿದೆ, ಮುಟ್ಟಿದರೆ ಗೊತ್ತಾಗುತ್ತದೆಯೇ ಎಂದು ಕೇಳಿದೆ. ಎಲ್ಲ ಸರಿಯಿತ್ತು. "ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎಳೆಯತೊಡಗಿದರೆ ಒಂದು ನಿಮಿಷ ತಡ ಮಾಡದೆ ಹೇಳು, ನಾನೇ ಆಂಬುಲೆನ್ಸ್ ಹತ್ತಿಸಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಅಲ್ಲಿಯವರೆಗೆ ಇದು ವ್ಯಾಯಾಮಕ್ಕೆ ಬಗ್ಗುವ ಸೊಂಟ" ಎಂದೆ. ನೀವೂ ಇದನ್ನು ಮೊದಲು ನೋಡಿ, ಆಮೇಲೆ ಉಳಿದದ್ದು.

ತಿಪ್ಪೇಶಿ ಎಲ್ಲ ಕೇಳಿಸಿಕೊಂಡು, ಕೈ ಮುಗಿದು, "ವ್ಯಾಯಾಮ ಇರ್ಲಿ ಮೇಡಂ. ನೀವು ಒದೀರಿ" ಎಂದ.

ಚನ್ನಗಿರಿಯಲ್ಲಿ ನನ್ನ ಜೊತೆಗೇ ಇದ್ದ ನಮ್ಮವ್ವ ಆ ಹೊತ್ತಿಗೆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಸರದಿಯವರಿಗೆಲ್ಲ ನನ್ನ ಜನ್ಮವೃತ್ತಾಂತ ಹೇಳಿ ಮುಗಿಸಿದ್ದಳು. ನಾನು ಆಗುವುದಿಲ್ಲ ಎಂದೆ. ಅವನು ಬೇಡಿಕೊಂಡ. ನಾನು ಬೈದೆ. ಅವನು ನೆಲದ ಮೇಲೆ ಕೂತುಬಿಟ್ಟ, ಕೂತವನು ನೋವಿಗೆ ಏಳಲಾರದೆ ಕೂಗಿಕೊಂಡ. ವ್ಯಾಯಾಮದ ಹಾಳೆ ಕೊಟ್ಟು ಕಳಿಸಿದೆ. ಒಂದು ವಾರ ಬಿಟ್ಟು ಬಂದಾಗ ಕೇಳಿದರೆ ಒಂದನ್ನೂ ಮಾಡಿರಲಿಲ್ಲ. "ಒದೀದೆ ಹೆಂಗ್ರಿ ಹತ್ತುತ್ತೆ ಅದು?" ಎಂದು ನನಗೇ ತಿರುಗಿ ಕೇಳಿದ. ಎರಡು ತಿಂಗಳಲ್ಲಿ ಒಂದು ವಾರ ಹೋಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಅವ್ವನ ಮೇಲೆ ರೇಗಾಡಿದೆ. "ನಿನ್ನ ಬಾಯಿಂದ ಒಬ್ಬ ಮನುಷ್ಯ ಕೆಲಸ ಕಳಕೊಳ್ತಾನೆ, ಗೊತ್ತೇನವ್ವ?" ಎಂದೆ. ಅವಳು ತಣ್ಣಗೆ ಮುದ್ದೆ ಮುರಿಯುತ್ತ, "ಒದೆಯಾಕೆ ಮುಂಚೆ ಒಂದು ಮಂಡಲ ನೇಮ ಹಿಡೀಬೇಕು ಅಂತ ಹೇಳು. ದೇವ್ರಿಗೆ ಹರಕೆ ಹೊತ್ತೋರು ಹಿಡಿಯಾಕಿಲ್ವಾ" ಎಂದಳು.

ನಾನು ಇಷ್ಟು ವರ್ಷ ಓದಿ, ತರಬೇತಿ ಪಡೆದು, ಸರ್ಟಿಫಿಕೇಟುಗಳ ಕಟ್ಟು ಇಟ್ಟುಕೊಂಡಿದ್ದೆ. ಈ ಉಪಾಯ ಹೊಳೆದಿರಲಿಲ್ಲ.

ಮರುದಿನ ಮುಖ ಬಿಗಿದುಕೊಂಡು ತಿಪ್ಪೇಶಿಗೆ ಹೇಳಿದೆ. ನಲವತ್ತೆಂಟು ದಿನ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ವ್ಯಾಯಾಮ. ದಿನಾ ನಡಿಗೆ. ಒಂದು ದಿನ ತಪ್ಪಿದರೂ ಮೊದಲಿಂದ ಎಣಿಕೆ. ನಲವತ್ತೊಂಬತ್ತನೇ ದಿನ ಬೆಳಿಗ್ಗೆ ನನ್ನ ಮನೆ ಹೊಸ್ತಿಲಲ್ಲಿ ಮೂರು ಒದೆ.

"ಆಣೆ ಮಾಡ್ರಿ" ಎಂದ.

"ನಮ್ಮವ್ವನ ಆಣೆ" ಎಂದೆ. ಅವ್ವ ಬೆಂಚಿನಿಂದಲೇ, "ನನ್ನ ಮ್ಯಾಲೆ ಯಾಕೆ ಹಾಕ್ತೀಯೇ" ಎಂದು ಕೂಗಿದಳು.

ಅಲ್ಲಿಂದ ಅವನು ಹಿಡಿದ ಶ್ರದ್ಧೆಯನ್ನು ನಾನು ಮತ್ತೆಲ್ಲೂ ನೋಡಿಲ್ಲ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಪೂರ್ವಕ್ಕೆ ತಲೆ ಹಾಕಿ ಬೋರಲು ಮಲಗಿ ಎದೆ ಎತ್ತುತ್ತಿದ್ದ. ಕೆಂಚಮ್ಮ ಬಂದು, "ಹಾವಿನಂಗೆ ಹೆಡೆ ಎತ್ತುತಾನ್ರಿ, ಓಣಿ ನಾಯೆಲ್ಲ ಬಂದು ಬೊಗಳ್ತಾವೆ" ಎಂದು ವರದಿ ಒಪ್ಪಿಸುತ್ತಿದ್ದಳು. ಕೋಳಿ ತಿನ್ನಬಹುದೇ, ಕ್ಷೌರ ಮಾಡಿಸಬಹುದೇ, ಸಾವಿನ ಮನೆಗೆ ಹೋದರೆ ವ್ಯಾಯಾಮಕ್ಕೆ ಮೈಲಿಗೆಯೇ ಎಂದೆಲ್ಲ ಕೇಳಿಸಿ ಕಳಿಸುತ್ತಿದ್ದ. ನಾನು ಗಂಭೀರವಾಗಿ ಉತ್ತರ ಕೊಡುತ್ತಿದ್ದೆ.

ಹದಿನೆಂಟನೇ ದಿನ ಗಾಬರಿಯಲ್ಲಿ ಓಡಿ ಬಂದ. ಓಡಿ ಬಂದದ್ದು ಅವನಿಗೇ ಗೊತ್ತಿರಲಿಲ್ಲ.

"ಮೇಡಂ, ಹಿಮ್ಮಡ್ಯಾಗಿದ್ದ ನೋವು ಮೊಣಕಾಲಿಗೆ ಬಂದೈತೆ. ಮ್ಯಾಲಕ್ಕೆ ಹತ್ತುತಾ ಐತೆ. ತಲಿಗೆ ಹೋದ್ರೆ ಹೆಂಗ್ರಿ?"

ನಾನು ಖುಷಿಗೆ ಚಪ್ಪಾಳೆ ತಟ್ಟಿಬಿಟ್ಟೆ. ಕಾಲಿನ ನೋವು ಹಿಮ್ಮಡಿ ಬಿಟ್ಟು ಮೊಣಕಾಲಿಗೆ, ಅಲ್ಲಿಂದ ತೊಡೆಗೆ, ಆಮೇಲೆ ಸೊಂಟಕ್ಕೆ ಹಿಂದಿರುಗುವುದು ಒಳ್ಳೆಯ ಲಕ್ಷಣ. ನೋವು ಬಂದ ದಾರಿಯಲ್ಲೇ ಮನೆಗೆ ವಾಪಸ್ಸು ಹೋಗುತ್ತಿದೆ ಎಂದು ಹೇಳಿದೆ. ನನ್ನ ಚಪ್ಪಾಳೆ ನೋಡಿ ಅವನಿಗೆ ಇನ್ನೂ ಭಯವಾಯಿತು.

ಇಷ್ಟರಲ್ಲಿ ನಾನು ಮಂಡಿಗೆ ಹೋಗಿ ಅವನ ಗ್ಯಾಂಗಿನ ಕೆಲಸ ನೋಡಬೇಕು ಎಂದುಕೊಂಡೆ. ಮೂಟೆ ಎತ್ತುವುದು ಹೇಗೆ ಎಂಬ ಬಣ್ಣದ ಪಟ ತೆಗೆದುಕೊಂಡು ಹೋದೆ. ಪಟದಲ್ಲಿ ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ ಮಂಡಿ ಮಡಚಿ ಒಂದು ಪೆಟ್ಟಿಗೆ ಎತ್ತುತ್ತಿದ್ದ. ಮೇಸ್ತ್ರಿ ಹನುಮಂತಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಈಯಪ್ಪ ಯಾವತ್ತೂ ಮೂಟೆ ಹೊತ್ತಿಲ್ಲ ಬಿಡ್ರಿ ಮೇಡಂ. ಅಂಗಿ ನೋಡ್ರಿ, ಬೆವರೇ ಇಲ್ಲ" ಎಂದ. ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು, ಆದರೆ ಅವನ ಮಾತು ಸರಿಯಿತ್ತು. ಪೆಟ್ಟಿಗೆಯನ್ನು ನೆಲದಿಂದ ಎತ್ತುವುದು ಬೇರೆ, ಇಬ್ಬರು ಎತ್ತಿ ಕೊಟ್ಟ ಮೂಟೆಯನ್ನು ಬೆನ್ನ ಮೇಲೆ ತೆಗೆದುಕೊಳ್ಳುವುದು ಬೇರೆ. ಪಟ ಸುತ್ತಿಟ್ಟು, ಒಂದು ಖಾಲಿ ಚೀಲ ಹಾಸಿಕೊಂಡು ಅರ್ಧ ದಿನ ಕೂತು ನೋಡಿದೆ. ಕೊನೆಗೆ ತಿಪ್ಪೇಶಿಯನ್ನು ಮನೆಯಿಂದ ಕರೆಸಿ, ಹುಲ್ಲು ತುಂಬಿದ ಹಗುರ ಚೀಲವೊಂದನ್ನು ಕೊಟ್ಟು ನೀನು ಹೇಗೆ ಹೊರುತ್ತಿದ್ದೆ ತೋರಿಸು ಎಂದೆ.

ಕಾಲಿಟ್ಟದ್ದು ಸರಿ, ಬಗ್ಗಿದ್ದು ಸರಿ, ಚೀಲ ಬೆನ್ನಿಗೆ ಬಂದದ್ದೂ ಸರಿ. ಚೀಲ ಬೆನ್ನ ಮೇಲೆ ಕೂತ ತಕ್ಷಣ ಅವನು ಪಾದ ಅಲ್ಲಾಡಿಸದೆ, ಸೊಂಟದಿಂದ ಮೇಲಿನ ಮೈಯನ್ನಷ್ಟೇ ಗರಕ್ಕನೆ ಎಡಕ್ಕೆ ತಿರುಗಿಸಿ, ಹಿಂದೆ ನಿಂತಿದ್ದವನಿಗೆ ಏನೋ ಒಂದು ಚೇಷ್ಟೆ ಮಾತು ಹೇಳಿದ. ಎಲ್ಲರೂ ಘೊಳ್ಳೆಂದರು.

"ಪ್ರತಿ ಮೂಟೆಗೂ ಹೀಗೇ ಮಾಡ್ತಾನಾ?" ಎಂದು ಕೇಳಿದೆ.

"ಮೂಟಿಗೊಂದು ಜೋಕು ಗ್ಯಾರಂಟಿ ರೀ" ಎಂದ ಮೇಸ್ತ್ರಿ ಹೆಮ್ಮೆಯಿಂದ. "ಅವನು ಇದ್ರೆ ಲಾರಿ ಖಾಲಿ ಆಗಿದ್ದೇ ಗೊತ್ತಾಗಾಕಿಲ್ಲ."

ಇಪ್ಪತ್ತು ವರ್ಷ, ದಿನಕ್ಕೆ ಅಷ್ಟು ಮೂಟೆ, ಮೂಟೆಗೊಂದು ಜೋಕು, ಜೋಕಿಗೊಂದು ತಿರುಚು. ಸ್ಕ್ಯಾನಿಂಗಿನಲ್ಲಿ ಕಾಣದ ಕಾರಣ ಇಲ್ಲಿ ಕಂಡಿತು. ಆವತ್ತೇ ಹೊಸ ನೇಮ ಸೇರಿಸಿದೆ. ಹೊರೆ ಮೈಮೇಲೆ ಇರುವವರೆಗೆ ಬಾಯಿ ಮುಚ್ಚಬೇಕು, ತಿರುಗುವುದಿದ್ದರೆ ಪಾದ ಎತ್ತಿ ಇಡೀ ಮೈ ತಿರುಗಬೇಕು. ಮಾತು ಏನಿದ್ದರೂ ಇಳಿಸಿದ ಮೇಲೆ.

ಅವನ ಮುಖ ಸಣ್ಣದಾಯಿತು. "ಆಪರೇಷನ್ನೇ ಮಾಡಿಸ್ರಿ ಮೇಡಂ" ಎಂದ.

ಮೂವತ್ತೊಂದನೇ ದಿನ ಆ ನೇಮ ತಪ್ಪಿತು. ನೀರಿನ ಕೊಡ ಎತ್ತಿಕೊಂಡವನು ಪಕ್ಕದ ಮನೆಯವನಿಗೆ ಏನೋ ಹೇಳಲು ತಿರುಗಿದ್ದಾನೆ. ನೋವು ಮತ್ತೆ ಮೊಣಕಾಲಿಗೆ ಇಳಿಯಿತು. ಆಸ್ಪತ್ರೆಗೆ ಬಂದು ನನ್ನ ಮುಂದೆ ಮಗುವಿನ ಹಾಗೆ ಅತ್ತ. "ಇನ್ನೇನು, ನನ್ನ ಜಾಗ ಹೋತು" ಎಂದ. ನನಗೂ ಅದೇ ಭಯ. ಹಾಗಿದ್ದರೂ ತೋರಿಸಿಕೊಳ್ಳದೆ, ಪಾದದ ಬಲ ಇನ್ನೊಮ್ಮೆ ನೋಡಿ, "ವ್ಯಾಯಾಮ ತಪ್ಪಿಲ್ಲ, ಬಾಯಿ ತಪ್ಪಿದೆ. ಎಣಿಕೆ ಮುಂದುವರಿಸು" ಎಂದೆ. ಅವನು ಬಾಯಿಗೆ ಟವೆಲ್ ಕಟ್ಟಿಕೊಂಡು ಹೋದ. ನಿಜವಾಗಿಯೂ ಕಟ್ಟಿಕೊಂಡೇ ಹೋದ. ನಾಲ್ಕೈದು ದಿನಕ್ಕೆ ನೋವು ಮತ್ತೆ ಮೇಲೆ ಹತ್ತಿತು. ನಲವತ್ತನೇ ದಿನದ ಹೊತ್ತಿಗೆ ಕಾಲಲ್ಲಿ ಏನೂ ಇರಲಿಲ್ಲ. ಹುಲ್ಲಿನ ಚೀಲ ಹೋಗಿ ಅರ್ಧ ಮೂಟೆಯವರೆಗೆ ಅಭ್ಯಾಸ ಬಂದಿತ್ತು.

ಈಗ ನನಗೆ ಚಿಂತೆ ಹತ್ತಿತು. ಅವನು ವಾಸಿಯಾಗಿದ್ದಾನೆ. ಒದ್ದರೆ ಕೀರ್ತಿಯೆಲ್ಲ ಒದೆಗೆ ಹೋಗುತ್ತದೆ, ನಾಳೆ ಚನ್ನಗಿರಿಯ ಸೊಂಟಗಳೆಲ್ಲ ನನ್ನ ಮನೆ ಮುಂದೆ ಸಾಲು ನಿಲ್ಲುತ್ತವೆ. ಒದೆಯದಿದ್ದರೆ ಮಾತು ತಪ್ಪಿದಂತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವನಿಗೆ ತನ್ನ ಸೊಂಟದ ಮೇಲೆ ನಂಬಿಕೆ ಬರುವುದಿಲ್ಲ. ಮೇಸ್ತ್ರಿಯೂ ಖಡಾಖಂಡಿತವಾಗಿ ಹೇಳಿದ್ದ, "ಒದೆ ಬಿದ್ದ ಮ್ಯಾಲೆ ನೋಡಾನ."

ನಲವತ್ತೊಂಬತ್ತನೇ ದಿನ ಭಾನುವಾರ. ಮೇಸ್ತ್ರಿ ಹೇಳಿದ್ದ ಎರಡು ತಿಂಗಳು ಆ ವಾರಕ್ಕೆ ಮುಗಿಯುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ತಿಪ್ಪೇಶಿ ಹೊಸ ಅಂಗಿ ತೊಟ್ಟು ನಿಂತಿದ್ದಾನೆ. ಕೆಂಚಮ್ಮನ ಕೈಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ. ಹಿಂದೆ ಮೇಸ್ತ್ರಿ ಹನುಮಂತಪ್ಪ, ಗ್ಯಾಂಗಿನ ಐದು ಜನ. ಅವ್ವ ಒಳಗಿನಿಂದ ಕುರ್ಚಿ ತರಿಸಿಕೊಂಡು ಎದುರಿಗೆ ಕೂತಳು.

ನಾನು ಸೆರಗು ಸಿಕ್ಕಿಸಿಕೊಂಡು ಹೊಸ್ತಿಲ ಮೇಲೆ ನಿಂತೆ. ಐವತ್ತೆಂಟು ವರ್ಷ. ಕೊನೆಯ ಸಲ ಒದ್ದದ್ದು ಹೈಸ್ಕೂಲಿನಲ್ಲಿ. ಮೊದಲನೆಯದು ಅವನ ಮೊಣಕಾಲ ಹಿಂದೆ ಬಿತ್ತು. "ಮ್ಯಾಲೆ, ಮ್ಯಾಲೆ" ಎಂದಳು ಅವ್ವ. ಎರಡನೆಯದು ತೊಡೆಗೆ. "ಮೇಡಂ, ಇನ್ನೊಂಚೂರು" ಎಂದು ಮೇಸ್ತ್ರಿ ದಾರಿ ತೋರಿಸಿದ. ಮೂರನೆಯದಕ್ಕೆ ನನಗೂ ರೋಷ ಬಂತು. ಸೊಂಟ ಎಷ್ಟೆತ್ತರದಲ್ಲಿ ಇರುತ್ತದೆ ಎಂದು ಇಡೀ ಜನ್ಮ ಪಾಠ ಹೇಳಿದವಳು ನಾನು. ಕಾಲನ್ನು ಬೀಸಿ ಎತ್ತಿದೆ. ಸರಿಯಾದ ಜಾಗಕ್ಕೇ ಬಿತ್ತು.

ಅದೇ ಗಳಿಗೆಯಲ್ಲಿ ನನ್ನ ಸೊಂಟ ಕಟಕ್ಕೆಂದಿತು.

"ಅಯ್ಯಯ್ಯೋ" ಎನ್ನುತ್ತ ಬಾಗಿಲ ಚೌಕಟ್ಟು ಹಿಡಿದು ಜಾರಿ ಕೂತು, ಅಲ್ಲಿಂದ ಪಕ್ಕಕ್ಕೆ ಉರುಳಿದೆ. ಅವ್ವ, "ಮೂರು ಆತು, ಎಣಿಕೆ ಸರಿ ಐತೆ" ಎಂದಳು. ಆಮೇಲೆ ನನ್ನ ಮುಖ ನೋಡಿ ಅವಳೂ ಗಾಬರಿಯಾದಳು. ಗ್ಯಾಂಗಿನವರು ಓಡಿ ಬಂದು ಒಬ್ಬೊಬ್ಬರು ಒಂದೊಂದು ಕಡೆಯಿಂದ ನನ್ನನ್ನು ಜಗ್ಗತೊಡಗಿದರು. ನಾನು ಕಿರುಚಿದೆ.

"ಬಿಡ್ರಲೇ!" ಎಂದ ತಿಪ್ಪೇಶಿ. ಅವನ ಅಷ್ಟು ಗಟ್ಟಿ ದನಿಯನ್ನು ನಾನು ಕೇಳಿರಲಿಲ್ಲ. "ಅಡಿಕಿ ಮೂಟೆ ಅಂದ್ಕಂಡೀರೇನು? ಆ ಜಮಖಾನ ತರ್‍ರಿ. ಮೇಡಂ, ಉಸಿರು ಬಿಡ್ರಿ. ಕಾಲ್ಬೆರಳು ಅಲ್ಲಾಡಿಸ್ರಿ. ಹಾಂ, ಬಲ ಐತೆ. ಹೆದ್ರಬ್ಯಾಡ್ರಿ."

ಜಮಖಾನ ಬಂತು. ನನ್ನನ್ನು ಒಂದೇ ತುಂಡಾಗಿ ಹೊರಳಿಸಿ ಅದರ ಮೇಲೆ ತಂದ. ಮೂರು ಮೂರು ಜನರನ್ನು ಎರಡು ಕಡೆ ನಿಲ್ಲಿಸಿದ. ಭಾರ ಹೆಚ್ಚಿರುವ ತಲೆಯ ಕಡೆ ತಾನೇ ನಿಂತ. "ಮಂಡಿ ಮಡಚ್ರಿ. ಹೊಟ್ಟಿ ಬಿಗಿ ಹಿಡೀರಿ. ನಾನು ಮೂರು ಅಂದಾಗ. ಎತ್ತಿದ ಮ್ಯಾಲೆ ಯಾರೂ ಪಿಟ್ ಅನ್ನಂಗಿಲ್ಲ."

ಎತ್ತಿದರು. ಹೊಸ್ತಿಲು ದಾಟಿ, ನಡುಮನೆ ದಾಟಿ, ಒಳಗಿನ ಮಂಚದ ತನಕ ಒಯ್ದರು. ತಿರುವಿನಲ್ಲಿ ತಿಪ್ಪೇಶಿ ಪಾದ ಎತ್ತಿಟ್ಟು ಇಡೀ ಮೈ ತಿರುಗಿದ. ಕೆಳಗಿನಿಂದ ಅವನ ಮುಖ ನೋಡುತ್ತಿದ್ದೆ. ಹೇಳಬೇಕಾದ ಜೋಕೊಂದು ಗಂಟಲವರೆಗೂ ಬಂದು ತುಟಿ ಅದುರುತ್ತಿತ್ತು. ನುಂಗಿಕೊಂಡ. ನನ್ನನ್ನು ಮಂಚದ ಮೇಲೆ ಹೂವಿನ ಹಾಗೆ ಇಳಿಸಿದರು.

ಮೇಸ್ತ್ರಿ ಹನುಮಂತಪ್ಪ ಹಣೆ ಒರೆಸಿಕೊಂಡು, "ಒಂದು ಮೂಟಿಗಿಂತ ಜಾಸ್ತಿನೇ ಅದಾರಲ್ಲೋ ಮೇಡಮ್ಮಾರು. ನಿನ್ನ ಸೊಂಟ ಹೆಂಗೈತೆ?" ಎಂದ.

ತಿಪ್ಪೇಶಿ ಸೊಂಟ ಮುಟ್ಟಿ ನೋಡಿಕೊಂಡ. "ನೆನಪೇ ಇರ್ಲಿಲ್ಲ ನೋಡು" ಎಂದ.

"ನಾಳೆ ಏಳಕ್ಕೆ ಬಾ" ಎಂದ ಮೇಸ್ತ್ರಿ.

ಕೆಂಚಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಅಳು ಬಂತು. ಸಂತೋಷದ ಅಳು, ಆದರೆ ಅತ್ತರೆ ಸೊಂಟಕ್ಕೆ ಚುಚ್ಚುತ್ತಿತ್ತು, ಅದಕ್ಕೆ ಒಂದಿಷ್ಟು ನಿಜವಾಗಿ ನೋವಿಗೂ ಅತ್ತೆ. ಹೊರೆ ಇಳಿದಿತ್ತಲ್ಲ, ತಿಪ್ಪೇಶಿ ಆಗ ಬಾಯಿ ಬಿಟ್ಟ.

"ಮೇಡಂ, ಈಗ ನಿಮಗೆ ಒದೆಯಾಕೆ ಯಾರ್‍ನ ಹುಡುಕ್ಕೊಂಡು ಬರಾನ್ರಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗಬೇಡಿ ಎಂದು ನಾನೂ ನಕ್ಕು ಇನ್ನೊಮ್ಮೆ ಕಿರುಚಿದೆ.

"ಒದೆ ಬೇಡ ಮಾರಾಯ. ಎಲ್ಲಾ ವ್ಯಾಯಾಮ ನಿನಗೆ ಬಾಯಿಪಾಠ ಆಗಿದೆ. ನಾಳೆ ಬೆಳಿಗ್ಗೆ ಬಂದು ನನಗೂ ಮಾಡಿಸು" ಎಂದೆ.

"ಬೆಳಿಗ್ಗೆ ಬರಾಕೆ ಆಗಾಕಿಲ್ರಿ ಮೇಡಂ" ಎಂದ ತಿಪ್ಪೇಶಿ. "ಕೆಲಸಕ್ಕೆ ಹೋಗ್ಬೇಕು."